ಹೊಡೆದವನೇ ಬೆಲೆ ತೆರಬೇಕು

ಮಲೆನಾಡಿನ ಜನತೆಗೆ ಒಂದು ನ್ಯಾಯತತ್ವವನ್ನು ಹೊಸದಾಗಿ ವಿವರಿಸಬೇಕಾದ ಅಗತ್ಯವಿಲ್ಲ. ಹೊಳೆಗೆ ವಿಷ ಬಿಟ್ಟವನು ಹೊಳೆಯನ್ನು ಶುದ್ಧಗೊಳಿಸುವ ವೆಚ್ಚವನ್ನೂ ಕೆಳಗಿನ ಊರುಗಳಿಗಾದ ನಷ್ಟವನ್ನೂ ತಾನೇ ಭರಿಸಬೇಕು ಎಂಬುದೇ ಆ ತತ್ವ. 1996ರ ಆಗಸ್ಟ್ 28ರಂದು ವೆಲ್ಲೂರು ನಾಗರಿಕರ ಕಲ್ಯಾಣ ವೇದಿಕೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಇದನ್ನು ಈ ನೆಲದ ಕಾನೂನು ಎಂದು ಸಾರಿತು. ಕರ್ನಾಟಕದಲ್ಲಿ ಹುಟ್ಟಿ ತಮಿಳುನಾಡಿಗೆ ಹರಿಯುವ ಪಾಲಾರ್ ನದಿಯನ್ನು ಕೆಡಿಸಿದ ಚರ್ಮೋದ್ಯಮಗಳೇ ಅದರ ಬೆಲೆ ತೆರಬೇಕೆಂದು ಆಜ್ಞಾಪಿಸಿತು. ಅದರೊಡನೆ ಇನ್ನೊಂದು ಮಾತನ್ನೂ ಹೇಳಿತು: ತನ್ನ ಕಾರ್ಯದಿಂದ ಹಾನಿಯಿಲ್ಲವೆಂದು ರುಜುವಾತುಪಡಿಸುವ ಹೊಣೆ ಆ ಕಾರ್ಯ ಮಾಡುವವನದೇ ಹೊರತು ಹಾನಿಗೊಳಗಾದ ಹಳ್ಳಿಗನದಲ್ಲ.

ಆ ತೀರ್ಪು ಬಂದು ನಾಲ್ಕು ತಿಂಗಳು ತುಂಬುವ ಮೊದಲೇ, ಅದೇ ವರ್ಷದ ಡಿಸೆಂಬರ್ 18ರಂದು, ಅದೇ ನ್ಯಾಯಾಲಯ ಡಿ.ಕೆ. ಬಸು ಮೊಕದ್ದಮೆಯ ತೀರ್ಪನ್ನು ಕೊಟ್ಟಿತು. ಬಂಧನದಲ್ಲಿರುವ ವ್ಯಕ್ತಿಯ ಮೇಲೆ ನಡೆಯುವ ಹಿಂಸೆಗೆ ಸರ್ಕಾರ ಪರಿಹಾರ ಕೊಡಲೇಬೇಕು, ಸಾರ್ವಭೌಮತ್ವದ ನೆಪ ಹೇಳಿ ಜಾರಿಕೊಳ್ಳುವಂತಿಲ್ಲ ಎಂಬುದು ಅದರ ಸಾರ. ಎರಡೂ ಪೀಠಗಳಲ್ಲಿ ಕುಳಿತಿದ್ದವರು ನ್ಯಾಯಮೂರ್ತಿ ಕುಲದೀಪ್ ಸಿಂಗ್. ಹೊಳೆಯ ನ್ಯಾಯವೂ ಸೆರೆಯಾಳಿನ ನ್ಯಾಯವೂ ಒಂದೇ ವರ್ಷ, ಒಂದೇ ಮನೆಯಲ್ಲಿ ಹುಟ್ಟಿದ ಅಕ್ಕತಂಗಿಯರು. ಆದರೆ ಅಕ್ಕನನ್ನು ಪರಿಸರ ಚಳವಳಿ ಸಾಕಿ ಬೆಳೆಸಿತು. ತಂಗಿ ಇಂದಿಗೂ ಅನಾಥೆ. ಹೊಳೆ ಕೆಡಿಸಿದವನೇ ದಂಡ ತೆರಬೇಕೆನ್ನುವ ಸಮಾಜ, ಕಂಬಿಯ ಹಿಂದೆ ಕೈಕಾಲು ಮುರಿದವನೂ ತನ್ನ ಜೇಬಿನಿಂದಲೇ ತೆರಬೇಕೆಂದು ಏಕೆ ಕೇಳುತ್ತಿಲ್ಲ?

ಕಂಬಿಯ ಹಿಂದೆ

ಸೆರೆಮನೆಯ ಹಿಂಸೆ ಕಲ್ಪಿತ ಕಥೆಯಲ್ಲ, ನ್ಯಾಯಾಲಯದ ದಾಖಲೆ. ದೆಹಲಿಯ ತಿಹಾರ್ ಜೈಲಿನಲ್ಲಿ ವಾರ್ಡರ್ ಒಬ್ಬ ಕೈದಿಯೊಬ್ಬನ ಮೇಲೆ ದೊಣ್ಣೆಯಿಂದ ಹೇಳಬಾರದ ಕ್ರೌರ್ಯ ಎಸಗಿದಾಗ, ಸಹಕೈದಿ ಸುನಿಲ್ ಬಾತ್ರಾ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಿಗೆ ಒಂದು ಕಾಗದ ಬರೆದನು. ಆ ಕಾಗದವನ್ನೇ ಅರ್ಜಿಯೆಂದು ಸ್ವೀಕರಿಸಿದ ನ್ಯಾಯಾಲಯ 1979ರ ಡಿಸೆಂಬರಿನಲ್ಲಿ ಜೈಲುಗಳಲ್ಲಿ ದೂರು ಪೆಟ್ಟಿಗೆ ಇರಬೇಕು, ಜಿಲ್ಲಾ ನ್ಯಾಯಾಧೀಶರು ಭೇಟಿ ನೀಡಬೇಕು ಎಂದು ವಿಧಿಸಿತು. ಮುಂಬೈಯ ಆರ್ಥರ್ ರೋಡ್ ಜೈಲಿನಲ್ಲಿ 2008ರಲ್ಲಿ ವಿಚಾರಣಾಧೀನ ಕೈದಿಗಳನ್ನು ಥಳಿಸಿದ ಪ್ರಕರಣದಲ್ಲಿ, ಸಿಬ್ಬಂದಿ ಬಳಸಿದ ಬಲ ಮಿತಿಮೀರಿದ್ದೆಂದು ಬಾಂಬೆ ಹೈಕೋರ್ಟು 2009ರಲ್ಲಿ ಹೇಳಿತು. ಅದೇ ನಗರದ ಬೈಕುಲ್ಲಾ ಮಹಿಳಾ ಕಾರಾಗೃಹದಲ್ಲಿ 2017ರ ಜೂನ್ ತಿಂಗಳಲ್ಲಿ ಮೊಟ್ಟೆ ಮತ್ತು ಪಾವ್‌ಗಳ ಲೆಕ್ಕದ ತಕರಾರಿನ ನಂತರ ಮಹಿಳಾ ಕೈದಿಯೊಬ್ಬಳು ಪೆಟ್ಟು ತಿಂದು ಸತ್ತಳು. ಜೈಲು ಸಿಬ್ಬಂದಿಯಲ್ಲಿ ಆರು ಮಂದಿಯ ಮೇಲೆ ಕೊಲೆಯ ಆರೋಪ ಹೊರಿಸಲಾಯಿತು. ಎರಡು ಮೊಟ್ಟೆಯ ಲೆಕ್ಕ ಕೇಳುವ ಆಡಳಿತ ಒಂದು ಜೀವದ ಲೆಕ್ಕ ಇಡಲಿಲ್ಲ.

ಇದೆಲ್ಲ ದೂರದ ಮಹಾನಗರಗಳ ಕಥೆ ಎಂದು ಹಾಸನ ಸೀಮೆಯವರು ಸಮಾಧಾನಪಟ್ಟುಕೊಳ್ಳುವಂತಿಲ್ಲ. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರ ಮೇ ತಿಂಗಳಲ್ಲಿ, ಜಾರ್ಜ್ ಫರ್ನಾಂಡಿಸರ ತಮ್ಮ ಲಾರೆನ್ಸ್ ಫರ್ನಾಂಡಿಸರನ್ನು ಪೊಲೀಸರು ಹಿಂಸಿಸಿದ್ದು ಬೆಂಗಳೂರಿನಲ್ಲಿ. ಆಸ್ತಮಾ ರೋಗದಿಂದ ನರಳುತ್ತಿದ್ದ ಕಲಾವಿದೆ ಸ್ನೇಹಲತಾ ರೆಡ್ಡಿಯವರನ್ನು ತಿಂಗಳುಗಟ್ಟಲೆ ಕೂಡಿಹಾಕಿದ್ದು ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ. ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ಅವರು ತೀರಿಕೊಂಡರು. ಆ ಜೈಲಿನ ಜಾಗದಲ್ಲಿ ಇಂದು ಫ್ರೀಡಂ ಪಾರ್ಕ್ ಇದೆ.

ವೀರಪ್ಪನ್ ಬೇಟೆಯ ವರ್ಷಗಳಲ್ಲಿ ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಬಡ ಕಾಡುವಾಸಿಗಳು ವಿಶೇಷ ಕಾರ್ಯಪಡೆಯ ಕೈಯಲ್ಲಿ ಅನುಭವಿಸಿದ್ದನ್ನು ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ಕೇಳಿ ದಾಖಲಿಸಿದೆ. ಅದರ ಆಧಾರದ ಮೇಲೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2007ರ ಜನವರಿಯಲ್ಲಿ 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡುವಂತೆ ನಿರ್ದೇಶಿಸಿತು. ಇನ್ನೂ ಹತ್ತಿರ ಬರುವುದಾದರೆ, ಬೇಲೂರು-ಸಕಲೇಶಪುರಗಳ ನೆರೆಯ ಮೂಡಿಗೆರೆ ತಾಲ್ಲೂಕಿನ ಗೋಣಿಬೀಡು ಠಾಣೆಯಲ್ಲಿ 2021ರ ಮೇ ತಿಂಗಳಲ್ಲಿ ದಲಿತ ಯುವಕನೊಬ್ಬನನ್ನು ಹೊಡೆದು ಮೂತ್ರ ನೆಕ್ಕಿಸಿದ ಆರೋಪದ ಮೇಲೆ ಠಾಣೆಯ ಸಬ್ ಇನ್‌ಸ್ಪೆಕ್ಟರನ್ನೇ ಸಿಐಡಿ ಬಂಧಿಸಬೇಕಾಯಿತು. ಠಾಣೆಯ ಕೋಣೆ, ಜೈಲಿನ ಕೋಣೆ ಬೇರೆ ಬೇರೆ ಇಲಾಖೆಗಳಿಗೆ ಸೇರಿರಬಹುದು. ಒಳಗೆ ಬಿದ್ದವನ ಪಾಲಿಗೆ ಬಾಗಿಲು ಮುಚ್ಚಿದ ಮೇಲೆ ಎರಡೂ ಒಂದೇ.

ಕೋಯಿಲಕುಂಟ್ಲದ ದಾವೆ

ಹೀಗಿರುವಾಗ ಪೆಟ್ಟು ತಿಂದವನು ಸಿವಿಲ್ ನ್ಯಾಯಾಲಯಕ್ಕೆ ಹೋಗಿ ನಷ್ಟಪರಿಹಾರ ಕೇಳಬಹುದೆ? ಕೇಳಬಹುದು. ಆ ಹಾದಿಯನ್ನು ತೆರೆದವನು ಬಳ್ಳಾರಿಗೆ ಹೊಂದಿಕೊಂಡ ಕರ್ನೂಲು ಜಿಲ್ಲೆಯ ಒಬ್ಬ ಕೈದಿ. ಕೋಯಿಲಕುಂಟ್ಲದ ಸಬ್ ಜೈಲಿನಲ್ಲಿ ತಂದೆ ಮಗ ಇಬ್ಬರೂ ಬಂಧಿತರಾಗಿದ್ದರು. 1977ರ ಮೇ 5ರ ರಾತ್ರಿ ಕಳೆದು ಬೆಳಗಾಗುವುದರೊಳಗೆ ಹೊರಗಿನವರು ಜೈಲಿಗೆ ನುಗ್ಗಿ ಬಾಂಬು ಎಸೆದರು. ತಂದೆ ಸತ್ತನು, ಮಗ ಗಾಯಗೊಂಡು ಬದುಕಿದನು. ಕಾವಲಿದ್ದವರು ಕಾಯಲಿಲ್ಲವೆಂದು ಮಗ ಹತ್ತು ಲಕ್ಷ ರೂಪಾಯಿಗೆ ದಾವೆ ಹೂಡಿದನು. ಕೆಳಗಿನ ನ್ಯಾಯಾಲಯ ಕಾಲಮಿತಿ ಮೀರಿದೆಯೆಂದು ದಾವೆಯನ್ನು ತಳ್ಳಿಹಾಕಿತು. ಹೈಕೋರ್ಟು 1,44,000 ರೂಪಾಯಿಗೆ ಡಿಕ್ರಿ ಮಾಡಿತು. ರಾಜ್ಯ ಸರ್ಕಾರ ಅದನ್ನೂ ಒಪ್ಪದೆ ಸುಪ್ರೀಂ ಕೋರ್ಟಿಗೆ ಹೋಗಿ, ಜೈಲು ನಡೆಸುವುದು ಸಾರ್ವಭೌಮ ಕಾರ್ಯ, ಅದಕ್ಕೆ ನಷ್ಟ ಕೇಳುವಂತಿಲ್ಲ ಎಂದು ವಾದಿಸಿತು. 2000ದ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಆ ವಾದವನ್ನು ತಿರಸ್ಕರಿಸಿತು. ಶಿಕ್ಷಿತನಿರಲಿ, ವಿಚಾರಣಾಧೀನನಿರಲಿ, ಕೈದಿ ಮನುಷ್ಯನೇ. ಬದುಕುವ ಹಕ್ಕಿನ ಮುಂದೆ ಸರ್ಕಾರದ ವಿನಾಯಿತಿ ನಿಲ್ಲದು ಎಂದಿತು.

ಆ ವಿನಾಯಿತಿಯ ವಾದವಾದರೂ ಎಂಥದು? ಈಸ್ಟ್ ಇಂಡಿಯಾ ಕಂಪನಿಯ ಕಾಲದಿಂದ ಬಂದ ಅವಶೇಷ. ಮೀರತ್ತಿನಲ್ಲಿ ವ್ಯಾಪಾರಿಯೊಬ್ಬನಿಂದ ಪೊಲೀಸರು ವಶಪಡಿಸಿಕೊಂಡ ಚಿನ್ನವನ್ನು ಹೆಡ್ ಕಾನ್‌ಸ್ಟೆಬಲ್ ಎತ್ತಿಕೊಂಡು ಪಾಕಿಸ್ತಾನಕ್ಕೆ ಓಡಿಹೋದರೂ ಸರ್ಕಾರ ನಷ್ಟ ಕೊಡಬೇಕಾಗಿಲ್ಲವೆಂದು 1964ರಲ್ಲಿ ಇದೇ ಸುಪ್ರೀಂ ಕೋರ್ಟು ಕಸ್ತೂರಿಲಾಲ್ ಮೊಕದ್ದಮೆಯಲ್ಲಿ ಹೇಳಿತ್ತು. ಬೇಲಿಯೇ ಎದ್ದು ಹೊಲ ಮೇಯ್ದರೂ ಬೇಲಿ ಹಾಕಿದವನು ಹೊಣೆಯಲ್ಲ ಎಂಬ ನ್ಯಾಯ ಅದು. ಸರ್ಕಾರದ ಹೊಣೆಗಾರಿಕೆಗೆ ಸ್ಪಷ್ಟ ಶಾಸನ ಬೇಕೆಂದು ಕಾನೂನು ಆಯೋಗ ತನ್ನ ಮೊಟ್ಟಮೊದಲ ವರದಿಯಲ್ಲಿಯೇ, 1956ರಲ್ಲಿ, ಹೇಳಿತ್ತು. ಅರುವತ್ತರ ದಶಕದಲ್ಲಿ ಮಸೂದೆ ಬಂದು ಬಿದ್ದುಹೋಯಿತು. ಶಾಸನ ಇಂದಿಗೂ ಆಗಿಲ್ಲ.

ಆದರೂ ಕೋಯಿಲಕುಂಟ್ಲದ ಗೆಲುವನ್ನು ಹಾಡಿ ಹೊಗಳುವ ಮುನ್ನ ಲೆಕ್ಕ ಹಾಕಬೇಕು. ಸಾವಿನಿಂದ ಕೊನೆಯ ತೀರ್ಪಿನವರೆಗೆ 23 ವರ್ಷ. ತೆಂಗಿನ ಸಸಿ ನೆಟ್ಟವನು ಫಲ ಕಂಡು, ಮಗನಿಗೆ ತೋಟ ಬಿಟ್ಟುಕೊಡುವಷ್ಟು ಕಾಲ. ಕಟ್ಟಾಯ ಹೋಬಳಿಯ ಕೂಲಿಯೊಬ್ಬ ಇಷ್ಟು ವರ್ಷ ನ್ಯಾಯಾಲಯದ ಮೆಟ್ಟಿಲು ಹತ್ತಿ ಇಳಿಯಬಲ್ಲನೆ?

ಹಾದಿಯ ಗೋಡೆಗಳು

ಹತ್ತಲು ಹೊರಟವನಿಗೆ ಒಂದರ ಹಿಂದೊಂದು ಗೋಡೆ ಎದುರಾಗುತ್ತದೆ. ಸರ್ಕಾರದ ಮೇಲೆ ದಾವೆ ಹೂಡುವ ಮುನ್ನ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೆಯ ಕಲಮಿನಂತೆ ಎರಡು ತಿಂಗಳ ನೋಟೀಸು ಕೊಡಬೇಕು. ಆ ಎರಡು ತಿಂಗಳಲ್ಲಿ ಗಾಯ ಮಾಯುತ್ತದೆ, ದಾಖಲೆಯೂ ಮಾಯವಾಗಬಹುದು. ಪ್ರತಿವಾದಿ ಪೊಲೀಸನಾದರೆ ಕರ್ನಾಟಕ ಪೊಲೀಸ್ ಕಾಯ್ದೆ, 1963ರ 170ನೆಯ ಕಲಮು ಅಡ್ಡ ನಿಲ್ಲುತ್ತದೆ: ಅಧಿಕಾರದ ಹೆಸರಿನಲ್ಲಿ ಅಥವಾ ಅಧಿಕಾರ ಮೀರಿ ಎಸಗಿದ ಕೃತ್ಯಕ್ಕೂ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮೊಕದ್ದಮೆಯಾಗಲಿ ದಾವೆಯಾಗಲಿ ನಡೆಯದು. ಬೆಂಗಳೂರಿನ ಪ್ರಕರಣವೊಂದರಲ್ಲಿ 2020ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು ಇದೇ ಕಲಮನ್ನು ಎತ್ತಿಹಿಡಿದು ಪೊಲೀಸ್ ಅಧಿಕಾರಿಯ ವಿರುದ್ಧದ ದೂರನ್ನು ರದ್ದುಮಾಡಿತು. ಪೆಟ್ಟು ಕೊಟ್ಟ ಕೈಯ ಒಡೆಯನಿಂದಲೇ ದೂರಿಗೆ ಅಪ್ಪಣೆ ಪಡೆಯಬೇಕೆನ್ನುವುದು ಯಾವ ಸೀಮೆಯ ನ್ಯಾಯ?

ಕಾಲಮಿತಿಯದು ಇನ್ನೊಂದು ತೊಡಕು. ಶಾಸನದನ್ವಯ ಮಾಡಿದ ಕೃತ್ಯವೆಂದರೆ ಒಂದೇ ವರ್ಷ. ಹಾಗಲ್ಲವೆಂದರೆ ಮೂರು ವರ್ಷ. ಕೋಯಿಲಕುಂಟ್ಲದ ದಾವೆ ಮೊದಲು ಬಿದ್ದದ್ದು ಈ ತಕರಾರಿನ ಮೇಲೆಯೇ. ಆದ್ದರಿಂದ ಒಂದು ವರ್ಷದೊಳಗೆ ದಾವೆ ಹೂಡುವುದೇ ಕ್ಷೇಮ. ಇವೆಲ್ಲವನ್ನೂ ದಾಟಿದರೂ ಸಾಕ್ಷ್ಯದ ಗೋಡೆ ಉಳಿಯುತ್ತದೆ. ಕೋಣೆಯೊಳಗೆ ಇದ್ದವರು ಹೊಡೆದವರು, ಹೊಡೆಸಿಕೊಂಡವನು, ಮತ್ತು ನಾಳೆಯೂ ಅಲ್ಲಿಯೇ ಉಣ್ಣಬೇಕಾದ ಸಹಕೈದಿಗಳು. ಜೈಲಿನ ವೈದ್ಯ ಜೈಲಿನವನು, ಪುಸ್ತಕ ಜೈಲಿನದು, ಕ್ಯಾಮರಾ ಜೈಲಿನದು. ಕಾರ್ಖಾನೆಯ ಕೊಳವೆಯ ನೀರನ್ನು ಹಳ್ಳಿಗನು ಬಾಟಲಿಯಲ್ಲಿ ತುಂಬಿ ಪ್ರಯೋಗಾಲಯಕ್ಕೆ ಒಯ್ಯಬಹುದು. ಕೋಣೆಯ ಗೋಡೆಯನ್ನು ಒಯ್ಯುವವರಾರು? ಇದನ್ನು ಅರಿತೇ ಕಾನೂನು ಆಯೋಗ 1985ರಲ್ಲಿ ತನ್ನ 113ನೆಯ ವರದಿಯಲ್ಲಿ, ಬಂಧನದಲ್ಲಿದ್ದಾಗ ಗಾಯವಾದರೆ ಅದನ್ನು ಅಧಿಕಾರಿಯೇ ಮಾಡಿದನೆಂದು ನ್ಯಾಯಾಲಯ ಭಾವಿಸಲು ಅವಕಾಶವಿರಬೇಕೆಂದು ಶಿಫಾರಸು ಮಾಡಿತು. ಕಾರ್ಖಾನೆಗೆ ಹೊರಿಸಿದ ರುಜುವಾತಿನ ಹೊಣೆ ಕಾವಲುಗಾರನಿಗೆ ಇಂದಿಗೂ ಬಂದಿಲ್ಲ.

ಖಜಾನೆಯಿಂದ ಕೊಟ್ಟರೆ ಸಾಲದು

ಅಪರೂಪಕ್ಕೆ ಪರಿಹಾರ ಸಿಕ್ಕಿತೆನ್ನೋಣ. ಅದನ್ನು ಕೊಡುವವರು ಯಾರು? ಒಡಿಶಾದ ನೀಲಾಬತಿ ಬೆಹೆರಾ ಎಂಬ ತಾಯಿ ತನ್ನ ಮಗನನ್ನು ಪೊಲೀಸರು ಒಯ್ದ ಮರುದಿನ ಅವನ ಶವವನ್ನು ರೈಲು ಹಳಿಯ ಮೇಲೆ ಕಂಡಳು. ಅವಳು ಬರೆದ ಕಾಗದದಿಂದಲೇ 1993ರಲ್ಲಿ ಒಂದೂವರೆ ಲಕ್ಷ ರೂಪಾಯಿಯ ತೀರ್ಪು ಬಂದಿತು. ಆ ಕಾಗದಕ್ಕೆ ದೇಶವೇ ಋಣಿ. ಆದರೆ ಹಣ ಕೊಡಬೇಕಾದದ್ದು ಸರ್ಕಾರ. ಮಲೆ ಮಹದೇಶ್ವರ ಬೆಟ್ಟದ 2.80 ಕೋಟಿಯ ನಿರ್ದೇಶನವೂ ಸರ್ಕಾರಗಳಿಗೇ ಹೊರತು ಲಾಠಿ ಹಿಡಿದವರಿಗಲ್ಲ. ಸರ್ಕಾರದ ಹಣವೆಂದರೆ ಬೆಂಕಿಪೊಟ್ಟಣ ಕೊಳ್ಳುವ ಬಡವನೂ ಕಟ್ಟಿದ ತೆರಿಗೆ. ಪೆಟ್ಟು ತಿಂದವನ ನೆರೆಹೊರೆಯವರೇ ಅವನ ಪೆಟ್ಟಿಗೆ ದಂಡ ಕಟ್ಟುತ್ತಾರೆ. ಹೊಡೆದವನು ಬಡ್ತಿ ಪಡೆದು ನಿವೃತ್ತನಾಗುತ್ತಾನೆ.

ಹಾಸನದ ಆಲೂಗಡ್ಡೆ ಬೆಳೆಗಾರನನ್ನು ಕೇಳಿ ನೋಡಬೇಕು. ಜಲಂಧರಿನಿಂದ ಬಂದ ಬಿತ್ತನೆ ಗೆಡ್ಡೆ ಹುಸಿಯಾದರೆ ಅವನು ರಸೀತಿ ಹಿಡಿದು ಮಾರಿದವನ ಅಂಗಡಿಯ ಮುಂದೆ ನಿಲ್ಲುತ್ತಾನೆ. ಬೀಜ ಕೊಂಡ ರೈತನೂ ಗ್ರಾಹಕನೇ, ಕಳಪೆ ಬೀಜಕ್ಕೆ ಪರಿಹಾರ ಪಡೆಯುವ ಹಕ್ಕು ಅವನಿಗಿದೆ ಎಂದು ಸುಪ್ರೀಂ ಕೋರ್ಟು 2012ರಲ್ಲಿ ಹೇಳಿತು. ಕೆಟ್ಟ ಬೀಜದ ನಷ್ಟವನ್ನು ಊರಿನ ಪಂಚಾಯಿತಿ ಚಂದಾ ಎತ್ತಿ ತುಂಬಿಕೊಟ್ಟರೆ ಮಾರಿದವನು ಮುಂದಿನ ವರ್ಷವೂ ಅದನ್ನೇ ಮಾರುತ್ತಾನೆ. ಖಜಾನೆಯ ಪರಿಹಾರ ಮಾಡುವುದೂ ಅದನ್ನೇ.

ಬೇರೆ ದಾರಿ ಇಲ್ಲದಿಲ್ಲ. ಗಡಿಯಾಚೆ, ಧರ್ಮಪುರಿ ಜಿಲ್ಲೆಯ ಬೆಟ್ಟದ ತಪ್ಪಲಿನ ವಾಚಾತಿ ಎಂಬ ಹಳ್ಳಿಗೆ 1992ರ ಜೂನ್ 20ರಂದು ಗಂಧದ ಮರ ಹುಡುಕುವ ನೆಪದಲ್ಲಿ ಅರಣ್ಯ, ಪೊಲೀಸ್, ಕಂದಾಯ ಇಲಾಖೆಗಳವರು ನುಗ್ಗಿದರು. ಮನೆಗಳನ್ನು ಧ್ವಂಸ ಮಾಡಿ, 18 ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ಎಸಗಿ, ಊರವರನ್ನೇ ಜೈಲಿಗೆ ತಳ್ಳಿದರು. 2011ರಲ್ಲಿ ಬದುಕಿದ್ದ ಆರೋಪಿಗಳಾದ 215 ನೌಕರರಿಗೂ ಶಿಕ್ಷೆಯಾಯಿತು. 2023ರ ಸೆಪ್ಟೆಂಬರ್ 29ರಂದು ಮದ್ರಾಸ್ ಹೈಕೋರ್ಟು ಶಿಕ್ಷೆಯನ್ನು ಎತ್ತಿಹಿಡಿದು, ಆ ಹೆಣ್ಣುಮಕ್ಕಳಿಗೆ ತಲಾ ಹತ್ತು ಲಕ್ಷ ಕೊಡಬೇಕು, ಅದರಲ್ಲಿ ಅರ್ಧವನ್ನು ಅಪರಾಧಿಗಳಿಂದ ವಸೂಲು ಮಾಡಬೇಕು ಎಂದಿತು. ಕಾಡು ಉಳಿಸುವ ಹೆಸರಿನಲ್ಲಿ ಕಾಡಿನ ಜನರನ್ನು ಬಡಿಯುವುದು ಪರಿಸರ ಸಂರಕ್ಷಣೆಯಲ್ಲ ಎಂಬುದನ್ನೂ ಆ ತೀರ್ಪಿನಿಂದ ಪರಿಸರವಾದಿಗಳು ಕಲಿಯಬೇಕು.

ಕರ್ನಾಟಕದಲ್ಲಿಯೂ ಉದಾಹರಣೆ ಇದೆ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ಕಡೆಯ ಕಾನೂನು ವಿದ್ಯಾರ್ಥಿಯೊಬ್ಬನನ್ನು 2019ರಲ್ಲಿ ಚೆಕ್ ಅಮಾನ್ಯದ ಪ್ರಕರಣದ ವಾರಂಟಿಗಾಗಿ ಅಂಕಲಿ ಠಾಣೆಯವರು ಹಿಡಿದು, ಕೈಗೆ ಕೋಳ ತೊಡಿಸಿ ಜನರ ನಡುವೆ ನಡೆಸಿದರು. ಅವನು ಸುಮ್ಮನಾಗಲಿಲ್ಲ. 2022ರ ಜೂನ್‌ನಲ್ಲಿ ಹೈಕೋರ್ಟಿನ ಧಾರವಾಡ ಪೀಠ ಎರಡು ಲಕ್ಷ ರೂಪಾಯಿ ಪರಿಹಾರ ವಿಧಿಸಿ, ಅದನ್ನು ತಪ್ಪಿತಸ್ಥ ಅಧಿಕಾರಿಯಿಂದ ವಸೂಲು ಮಾಡಿಕೊಳ್ಳಲು ಸರ್ಕಾರಕ್ಕೆ ಸ್ವಾತಂತ್ರ್ಯ ಕೊಟ್ಟಿತು. 2025ರ ಜುಲೈನಲ್ಲಿ ಕಾಶ್ಮೀರದ ಕುಪ್ವಾರಾದಲ್ಲಿ ಹಿಂಸೆಗೊಳಗಾದ ಪೊಲೀಸ್ ಕಾನ್‌ಸ್ಟೆಬಲ್ ಒಬ್ಬನಿಗೇ 50 ಲಕ್ಷ ರೂಪಾಯಿ ಕೊಡಿಸಿದ ಸುಪ್ರೀಂ ಕೋರ್ಟು, ಆ ಹಣವನ್ನು ಹೊಣೆಗಾರ ಅಧಿಕಾರಿಗಳಿಂದ ವಸೂಲು ಮಾಡಬಹುದೆಂದಿತು. ಪೊಲೀಸನನ್ನೂ ಬಿಡದ ಹಿಂಸೆ ಉಳಿದವರನ್ನು ಬಿಟ್ಟೀತೆ? ವಸೂಲಿ ಇನ್ನು ಮುಂದೆ ನ್ಯಾಯಾಧೀಶರ ಮನಸ್ಸಿಗೆ ಬಿಟ್ಟ ಅಪವಾದವಾಗಿರದೆ ನಿಯಮವಾಗಬೇಕು.

ಆಕ್ಷೇಪಣೆಗಳು

ಜೈಲಿನಲ್ಲಿರುವವರು ಕಳ್ಳರು, ಕೊಲೆಗಡುಕರು, ಅವರಿಗೇಕೆ ಈ ಕನಿಕರ ಎಂದು ಕೇಳುವವರುಂಟು. 2022ರ ಕೊನೆಯಲ್ಲಿ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು, ಎಂದರೆ ಯಾವ ನ್ಯಾಯಾಲಯವೂ ಅಪರಾಧಿಗಳೆಂದು ಹೇಳದವರು. ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗಿನ ಕುತ್ಲೂರಿನ ಮಲೆಕುಡಿಯ ಸಮುದಾಯದ ಪತ್ರಿಕೋದ್ಯಮ ವಿದ್ಯಾರ್ಥಿಯೊಬ್ಬನನ್ನೂ ಅವನ ತಂದೆಯನ್ನೂ 2012ರ ಮಾರ್ಚ್‌ನಲ್ಲಿ ನಕ್ಸಲ್ ನಂಟಿನ ಆರೋಪದ ಮೇಲೆ ಹಿಡಿದರು. 2021ರ ಅಕ್ಟೋಬರಿನಲ್ಲಿ ಇಬ್ಬರೂ ನಿರ್ದೋಷಿಗಳೆಂದು ಬಿಡುಗಡೆಯಾದರು. ಒಂಬತ್ತು ವರ್ಷ ಕಳೆದು ನಿರ್ದೋಷಿಯೆನಿಸಿಕೊಂಡವನಿಗೆ ಕಳೆದುಹೋದ ವರ್ಷಗಳನ್ನು ಯಾರು ಕೊಡುವರು? ಇನ್ನು ಶಿಕ್ಷೆಯಾದವನಾದರೂ ಕಳೆದುಕೊಳ್ಳುವುದು ಸ್ವಾತಂತ್ರ್ಯವನ್ನೇ ಹೊರತು ದೇಹವನ್ನಲ್ಲ.

ಸಿಬ್ಬಂದಿ ಕಡಿಮೆ, ಕೈದಿಗಳು ಹೆಚ್ಚು, ಗಲಭೆಯಾದರೆ ಬಲ ಬಳಸಬೇಡವೆ ಎಂಬುದು ಎರಡನೆಯ ಆಕ್ಷೇಪಣೆ. ಬಳಸಲಿ, ಆತ್ಮರಕ್ಷಣೆಗೆ ಬೇಕಾದಷ್ಟು ಬಲಕ್ಕೆ ಕಾನೂನಿನ ರಕ್ಷಣೆ ಇದ್ದೇ ಇದೆ. ಇಲ್ಲಿನ ಪ್ರಶ್ನೆ ಗಲಭೆ ಅಡಗಿದ ಮೇಲೆ ಬೀಳುವ ಪೆಟ್ಟಿನದು. ಬ್ರಿಟಿಷರು ಮಾಡಿದ 1894ರ ಬಂದೀಖಾನೆ ಕಾಯ್ದೆಯಲ್ಲಿಯೇ ಸೂಪರಿಂಟೆಂಡೆಂಟರಿಗಿಂತ ಕೆಳಗಿನ ಯಾವ ನೌಕರನಿಗೂ ಶಿಕ್ಷೆ ವಿಧಿಸುವ ಅಧಿಕಾರವಿರಲಿಲ್ಲ. ಕೊಟ್ಟ ಶಿಕ್ಷೆಯನ್ನು ಶಿಕ್ಷಾ ಪುಸ್ತಕದಲ್ಲಿ ಬರೆಯಬೇಕಾಗಿತ್ತು. ಪರಕೀಯ ದೊರೆ ವಾರ್ಡರನಿಗೆ ಕೊಡದ ಅಧಿಕಾರವನ್ನು ಸ್ವರಾಜ್ಯ ಮೌನದಿಂದ ಕೊಟ್ಟಂತಾಗಿದೆ. ಗಾಂಧೀಜಿಯ ಕರೆಗೆ ಓಗೊಟ್ಟು ಜೈಲು ಕಂಡ ಗೊರೂರು ರಾಮಸ್ವಾಮಿ ಅಯ್ಯಂಗಾರರ ಹೇಮಾವತಿ ತೀರದ ಜನ ಇದನ್ನು ಒಪ್ಪಬಾರದು. ಎಂಟು ಗಂಟೆಯ ಕೆಲಸವನ್ನು ಹದಿನಾರು ಗಂಟೆ ಮಾಡಿಸಿಕೊಳ್ಳುವ ಇಲಾಖೆಯಿಂದ ವಾರ್ಡರನಿಗೂ ಅನ್ಯಾಯವಾಗುತ್ತಿದ್ದರೆ ಅದಕ್ಕೆ ಹೊಸ ನೇಮಕಾತಿ ಮದ್ದು, ಕೈದಿಯ ಬೆನ್ನಲ್ಲ.

ಆಗಬೇಕಾದದ್ದು

ಬಂಧಿತರ ಮೇಲಿನ ಹಿಂಸೆಗೆ ವಿಧಿಸಿದ ಪ್ರತಿ ಪರಿಹಾರವನ್ನೂ ಸರ್ಕಾರ ಕೂಡಲೇ ಕೊಟ್ಟು, ವಿಚಾರಣೆಯ ನಂತರ ತಪ್ಪಿತಸ್ಥರ ಸಂಬಳ ಮತ್ತು ನಿವೃತ್ತಿ ಹಣದಿಂದ ವಸೂಲು ಮಾಡಬೇಕು. ವಸೂಲಾದ ಮೊತ್ತವನ್ನು ವಿಧಾನಮಂಡಲದ ಮುಂದೆ ವರ್ಷವರ್ಷವೂ ಇಡಬೇಕು. ಬಂಧಿತರ ಮೇಲಿನ ಹಿಂಸೆಯ ಮಟ್ಟಿಗೆ 170ನೆಯ ಕಲಮಿನ ಪೂರ್ವಾನುಮತಿಯನ್ನು ರಾಜ್ಯ ಶಾಸಕಾಂಗ ತೆಗೆದುಹಾಕಬೇಕು. 113ನೆಯ ವರದಿಯ ಶಿಫಾರಸು ಶಾಸನವಾಗಬೇಕು. ಭಾರತ 1997ರಲ್ಲಿಯೇ ಸಹಿ ಹಾಕಿದ ಚಿತ್ರಹಿಂಸಾ ವಿರೋಧಿ ಒಡಂಬಡಿಕೆಯನ್ನು ಇಂದಿಗೂ ಅನುಮೋದಿಸಿಲ್ಲ. 2010ರಲ್ಲಿ ಲೋಕಸಭೆ ಅಂಗೀಕರಿಸಿದ ಮಸೂದೆ ಶಾಸನವಾಗದೆ ಸತ್ತಿತು. 2017ರಲ್ಲಿ ಕಾನೂನು ಆಯೋಗ ಮತ್ತೆ ಕರಡು ಕೊಟ್ಟಿತು. ಇನ್ನೆಷ್ಟು ಕರಡು ಬೇಕು? ಪೊಲೀಸ್ ಠಾಣೆಗಳ ಕ್ಯಾಮರಾ ದಾಖಲೆಯನ್ನು ಒಂದು ವರ್ಷಕ್ಕೆ ಕಡಿಮೆಯಿಲ್ಲದಂತೆ ಕಾಪಾಡಬೇಕೆಂದು 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ವಿಧಿಸಿದೆ. ಜಿಲ್ಲಾ ಕಾರಾಗೃಹಗಳಲ್ಲಿಯೂ ಅದೇ ಪಾಲನೆಯಾಗಬೇಕು, ದಾಖಲೆ ಇಲ್ಲವಾದರೆ ಅದನ್ನೇ ಸಿಬ್ಬಂದಿಯ ವಿರುದ್ಧದ ಸಾಕ್ಷ್ಯವೆಂದು ಎಣಿಸಬೇಕು.

ಶಾಸನ ಬರುವವರೆಗೆ ಹಳ್ಳಿಗರೂ ವಿದ್ಯಾರ್ಥಿಗಳೂ ಕೈಕಟ್ಟಿ ಕೂರಬೇಕಾಗಿಲ್ಲ. ಪೆಟ್ಟು ತಿಂದವನು ಮ್ಯಾಜಿಸ್ಟ್ರೇಟರ ಮುಂದೆ ನಿಂತಾಗ ಬಾಯಿಬಿಟ್ಟು ಹೇಳಬೇಕು, ವೈದ್ಯಕೀಯ ಪರೀಕ್ಷೆ ಕೇಳಬೇಕು, ಗಾಯದ ಪ್ರಮಾಣಪತ್ರದ ನಕಲು ಮನೆಯವರ ಕೈ ಸೇರಬೇಕು. ಜೀವ ಮತ್ತು ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಯನ್ನು ಮಾಹಿತಿ ಹಕ್ಕು ಕಾಯ್ದೆಯಂತೆ 48 ಗಂಟೆಗಳಲ್ಲಿ ಕೊಡಬೇಕು. ಅದನ್ನು ಲಿಖಿತವಾಗಿ ಕೇಳಬೇಕು. ಬಂಧನದಲ್ಲಿರುವವರು, ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡಗಳವರು ಆದಾಯ ಎಷ್ಟೇ ಇರಲಿ 1987ರ ಕಾಯ್ದೆಯಂತೆ ಉಚಿತ ಕಾನೂನು ನೆರವಿಗೆ ಅರ್ಹರು. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳ ತಾಲ್ಲೂಕು ಕಾನೂನು ಸೇವಾ ಸಮಿತಿಗಳ ಬಾಗಿಲು ಬಡಿಯಲು ಶುಲ್ಕವಿಲ್ಲ. ನ್ಯಾಯಾಲಯ ಶುಲ್ಕ ಕಟ್ಟಲಾರದವನು ನಿರ್ಗತಿಕನೆಂದು ದಾವೆ ಹೂಡಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 33ನೆಯ ಆದೇಶ ಅವಕಾಶ ಕೊಟ್ಟಿದೆ. ಕಾನೂನು ಓದುವ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಬಂದಾಗ ಇಂಥ ಒಂದು ನೋಟೀಸು ಬರೆದುಕೊಟ್ಟರೂ ಅದು ದೊಡ್ಡ ಸೇವೆ. ದಾವೆಯಲ್ಲಿ ಸರ್ಕಾರದೊಡನೆ ಹೊಡೆದವನನ್ನೂ ಹೆಸರು ಹಿಡಿದು ಪ್ರತಿವಾದಿಯನ್ನಾಗಿ ಮಾಡುವುದನ್ನು ಮಾತ್ರ ಮರೆಯಬಾರದು.

ಹೊಳೆ, ಕಾಡು, ಗುಡ್ಡಗಳಿಗಾಗಿ ಧರಣಿ ಕೂತವರು ಇಂದಲ್ಲ ನಾಳೆ ಆ ಬಾಗಿಲೊಳಗೆ ಹೋಗಬೇಕಾಗಿ ಬರಬಹುದು. ಅಲ್ಲಿ ಈಗಾಗಲೇ ಇರುವವರ ಬೆನ್ನನ್ನು ಕಾಯದ ಚಳವಳಿ ತನ್ನ ಬೆನ್ನನ್ನೂ ಕಾಯಲಾರದು.